ಗಾಜಿನ ಹಾಳೆ ಹಿಡಿದು ನಿಂತವನ ಮೇಲೆ ಹಲ್ಲೆಯ ಮೊಕದ್ದಮೆ

ಈ ಊರಿನ ಪೊಲೀಸ್ ಇಲಾಖೆಯ ಮುಖ್ಯಸ್ಥರಾದ ಮಾನ್ಯರೇ,

ನನ್ನ ತಮ್ಮ ನಿಮ್ಮ ಇನ್ಸ್‌ಪೆಕ್ಟರೊಬ್ಬರನ್ನು ಬಲಪ್ರಯೋಗದಿಂದ ಪ್ರತಿರೋಧಿಸಿದ, ಅವರ ಕರ್ತವ್ಯಕ್ಕೆ ಅಡ್ಡಿಪಡಿಸಿದ, ಹಲ್ಲೆ ಮಾಡಿ ನೆಲಕ್ಕೆ ಕೆಡವಿದ ಎಂದು ನಿಮ್ಮ ಇಲಾಖೆ ನ್ಯಾಯಾಲಯಕ್ಕೆ ಆರೋಪಪಟ್ಟಿ ಸಲ್ಲಿಸಿದೆ. ಅವನು ಇಷ್ಟೆಲ್ಲ ಪರಾಕ್ರಮ ಮೆರೆದ ಹೊತ್ತಿನಲ್ಲಿ ಅವನ ಎರಡೂ ಕೈಗಳಲ್ಲಿ ಆಳೆತ್ತರದ ಗಾಜಿನ ಹಾಳೆಯಿತ್ತು. ಹಾಗಿದ್ದರೆ ಹಲ್ಲೆ ಮಾಡಿದ್ದು ಯಾವ ಕೈಯಿಂದ? ಮೂರನೆಯ ಕೈಯೊಂದು ಇದ್ದರೆ ನಿಮ್ಮ ಠಾಣೆಯಲ್ಲಿ ಅವನ ಬಟ್ಟೆ ಬಿಚ್ಚಿಸಿ ನೋಡಿದಾಗ ಕಣ್ಣಿಗೆ ಬೀಳಬೇಕಿತ್ತಲ್ಲವೇ? ಇಷ್ಟಾಗಿಯೂ ಆ ಗಾಜಿಗೆ ಒಂದು ಗೀರೂ ಬಿದ್ದಿಲ್ಲ. ಈಗಲೂ ಅದು ನಮ್ಮ ಬೀದಿಯ ಔಷಧಿ ಅಂಗಡಿಯ ಮುಂಭಾಗದಲ್ಲಿದೆ, ಯಾರು ಬೇಕಾದರೂ ಹೋಗಿ ನೋಡಬಹುದು.

ನಾವು ಗಾಜಿನಂಗಡಿಯವರು. ಕಿಟಕಿಗೆ, ಅಂಗಡಿ ಮುಂಗಟ್ಟಿಗೆ, ಫೋಟೊ ಚೌಕಟ್ಟಿಗೆ ಗಾಜು ಕತ್ತರಿಸಿ ಕೂರಿಸಿಕೊಡುವುದು ಅಪ್ಪನ ಕಾಲದಿಂದ ಬಂದ ಕಸುಬು. ಅಪ್ಪ ಹೋದ ಮೇಲೆ ಅಂಗಡಿಯನ್ನು ನಾನೂ ತಮ್ಮನೂ ನಡೆಸುತ್ತಿದ್ದೇವೆ. ಹೆಂಗಸಿಗೆ ಇದೆಲ್ಲ ಯಾಕೆ ಎಂದು ಮೂಗು ಮುರಿದವರೇ ಈಗ ತಮ್ಮ ಮನೆಯ ಕಿಟಕಿ ಒಡೆದರೆ ನನ್ನ ಬಾಗಿಲು ಬಡಿಯುತ್ತಾರೆ. ನನಗೆ ಮೂಗಿನ ತುದಿಯಲ್ಲೇ ಕೋಪ, ಅದು ಬೀದಿಗೆಲ್ಲ ಗೊತ್ತು. ತಮ್ಮ ನನಗೆ ತದ್ವಿರುದ್ಧ. ಬೈದರೂ ಸರಿ ಹೊಗಳಿದರೂ ಸರಿ, ಒಂದೇ ಮುಖ ಹೊತ್ತು ನಿಂತಿರುತ್ತಾನೆ. ಅದಕ್ಕೇ ಬೀದಿಯವರು ಅವನಿಗೆ ಕಂಬ ಎಂದು ಅಡ್ಡಹೆಸರಿಟ್ಟರು. ಮದುವೆಯ ದಿನವೂ ಹಾಗೇ ನಿಂತಿದ್ದನ್ನು ನೋಡಿ ಹುಡುಗಿಯ ಕಡೆಯವರು ನನ್ನನ್ನು ಪಕ್ಕಕ್ಕೆ ಕರೆದು, ಇವರಿಗೆ ಈ ಮದುವೆ ಇಷ್ಟ ತಾನೇ ಎಂದು ಗುಟ್ಟಾಗಿ ವಿಚಾರಿಸಿದ್ದರು.

ದೊಡ್ಡ ಗಾಜನ್ನು ಇಬ್ಬರು ಹೊರಬೇಕು. ಒಬ್ಬರು ಮುಂದಕ್ಕೆ ನಡೆದರೆ ಇನ್ನೊಬ್ಬರು ಅವರಿಗೆ ಮುಖಮಾಡಿ ಹಿಂದಕ್ಕೆ ನಡೆಯಬೇಕು. ಗಾಜು ಕೈಯಲ್ಲಿರುವಷ್ಟು ಹೊತ್ತೂ ಹಿಂದಕ್ಕೆ ನಡೆಯುವವರ ಮಾತೇ ಮಾತು ಎನ್ನುವುದು ನಮ್ಮಂಗಡಿಯಲ್ಲಿ ಅಪ್ಪ ಹಾಕಿಕೊಟ್ಟ ಕಟ್ಟಳೆ. ಅವರು ನಿಲ್ಲು ಎಂದರೆ ನಿಲ್ಲಬೇಕು, ಇಳಿಸು ಎಂದರೆ ಇಳಿಸಬೇಕು. ಬೇರೆ ಯಾರೇ ಕೂಗಲಿ, ಗಿರಾಕಿ ಕರೆಯಲಿ, ಮನೆಗೆ ಬೆಂಕಿ ಬಿದ್ದಿದೆ ಎನ್ನಲಿ, ಕಿವಿಗೆ ಹಾಕಿಕೊಳ್ಳುವಂತಿಲ್ಲ. ಕಾರಣ ಸರಳವಾದದ್ದು. ಹಿಂದಕ್ಕೆ ನಡೆಯುವವರಿಗೆ ಓಡಲು ದಾರಿ ಕಾಣುವುದಿಲ್ಲ. ಎದುರಿನವರು ಕೈ ಸಡಿಲಿಸಿದರೆ ಗಾಜು ಅರ್ಧಕ್ಕೆ ಮುರಿದು ಇವರ ತೋಳಿನ ಮೇಲೆಯೇ ಜಾರಿ ಬರುತ್ತದೆ. ಅಪ್ಪನ ಮುಂದೋಳಿನಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಅಂಥದ್ದೊಂದು ಗೆರೆ ಇತ್ತು, ನಾವಿಬ್ಬರೂ ಅದನ್ನು ನೋಡುತ್ತಲೇ ಬೆಳೆದೆವು.

ಆವತ್ತು ಬೀದಿಯ ಆಚೆ ಬದಿಯ ಔಷಧಿ ಅಂಗಡಿಗೆ ಗಾಜು ಕೂರಿಸಬೇಕಿತ್ತು. ಯಾರೋ ಗಣ್ಯರು ಬರುತ್ತಾರೆಂದು ಬೆಳಿಗ್ಗೆಯಿಂದ ಬೀದಿಗೆ ವಾಹನ ಬಿಡುತ್ತಿರಲಿಲ್ಲ. ಹೊತ್ತುಕೊಂಡೇ ದಾಟೋಣವೆಂದು ಮೂಲೆಯಲ್ಲಿ ಕಾವಲಿದ್ದ ನಿಮ್ಮ ಪೇದೆಯನ್ನು ಕೇಳಿದೆ. ಇನ್ನೂ ಹೊತ್ತಿದೆ, ಬೇಗ ದಾಟಿಬಿಡಿ ಎಂದು ಅವರು ಹೇಳಿದರು. ನಾನು ಹಿಂದಕ್ಕೆ ನಡೆಯುತ್ತಿದ್ದೆ, ತಮ್ಮ ನನಗೆ ಎದುರಾಗಿ ಬರುತ್ತಿದ್ದ. ಬೀದಿಯ ನಡುವಿಗೆ ಬಂದಾಗ ಅವನ ಬೆನ್ನ ಹಿಂದಿನಿಂದ ನಿಮ್ಮ ಇನ್ಸ್‌ಪೆಕ್ಟರು ಧಾವಿಸಿ ಬರುವುದು ನನಗೆ ಗಾಜಿನ ಮೂಲಕವೇ ಕಂಡಿತು. ಅವರಿಗೆ ಗಾಜು ಕಾಣಲಿಲ್ಲವೋ, ಕಂಡರೂ ಕಾಣಬೇಕಾಗಿರಲಿಲ್ಲವೋ, ನಾನು ಹೇಳಲಾರೆ. ಬಂದವರು ಬಾಯಿಮಾತು ಆಡುವ ಮೊದಲೇ ಅವನ ಹೆಗಲಿಗೆ ಕೈ ಹಾಕಿ ಎಳೆದರು.

"ಬಿಡೋ ಅದನ್ನ, ಪಕ್ಕಕ್ಕೆ ಬಾ" ಅಂದರು.

"ಸಾರ್, ಆ ಕಡೆ ಅಕ್ಕ ಇದಾಳೆ" ಅಂದ ನನ್ನ ತಮ್ಮ.

ಅವನು ಆಡಿದ್ದು ಅಷ್ಟೇ. ಆರೋಪಪಟ್ಟಿಯಲ್ಲಿ ಅದು "ಅವಾಚ್ಯ ಶಬ್ದಗಳಿಂದ ನಿಂದಿಸಿ" ಎಂದಾಗಿದೆ. ಅಕ್ಕ ಎನ್ನುವುದು ಅವಾಚ್ಯ ಶಬ್ದಗಳ ಪಟ್ಟಿಗೆ ಯಾವಾಗ ಸೇರಿತು ಎಂದು ತಿಳಿಸಿದರೆ ಇನ್ನು ಮುಂದೆ ಮನೆಯಲ್ಲಿ ಬೇರೆ ಏನಾದರೂ ಕರೆಯಲು ಹೇಳುತ್ತೇನೆ. ನಾನು ಗಟ್ಟಿಯಾಗಿ "ಹಾಗೇ ನಿಲ್ಲು" ಎಂದೆ. ಅವನು ನಿಂತ. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಕಾಲು ಅಗಲಿಸಿ, ನೆಲಕ್ಕೆ ಬೇರು ಬಿಟ್ಟವನ ಹಾಗೆ ನಿಂತ. ಇನ್ಸ್‌ಪೆಕ್ಟರು ಮತ್ತೆ ಎಳೆದರು. ಅವನು ಕದಲಲಿಲ್ಲ. ಮೂರನೆಯ ಸಲ ಮೈಯ ಭಾರವೆಲ್ಲ ಹಾಕಿ ಜಗ್ಗಿದಾಗ ಬೆವರಿದ ತೋಳು ಅವರ ಹಿಡಿತದಿಂದ ಜಾರಿತು, ಅವರು ಹಿಂದಕ್ಕೆ ಮುಗ್ಗರಿಸಿ ರಸ್ತೆಯ ಮೇಲೆ ಕುಕ್ಕರಿಸಿದರು. ಟೋಪಿ ಉರುಳಿಕೊಂಡು ಹೋಗಿ ಚರಂಡಿಯ ಅಂಚಿನಲ್ಲಿ ನಿಂತಿತು. ಗಣ್ಯರನ್ನು ನೋಡಲು ನಿಂತಿದ್ದ ಜನಕ್ಕೆ ಅಲ್ಲಿಯವರೆಗೆ ನೋಡಲು ಏನೂ ಸಿಕ್ಕಿರಲಿಲ್ಲ. ಎರಡೂ ಬದಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮಾನ್ಯರೇ, ಅಪರಾಧ ನಡೆದದ್ದು ಆ ನಗುವಿನಲ್ಲಿ. ನಿಮ್ಮ ಅಧಿಕಾರಿಯ ಮೀಸೆ ಮಣ್ಣಾಯಿತು. ನಕ್ಕವರು ಬೀದಿ ತುಂಬ ಇದ್ದರು, ಅಷ್ಟು ಮಂದಿಯನ್ನು ಹಿಡಿದು ಹಾಕಲು ನಿಮ್ಮ ಬಳಿ ವ್ಯಾನುಗಳಿಲ್ಲ. ನಗದೆ ನಿಂತಿದ್ದವನು ಒಬ್ಬನೇ, ಅವನು ಕೈಗೂ ಸುಲಭವಾಗಿ ಸಿಗುವಂತಿದ್ದ. ಆ ಮಧ್ಯೆ ನಾನು "ನಡಿ" ಎಂದೆ, ಇಬ್ಬರೂ ಹೆಜ್ಜೆ ಹೆಜ್ಜೆಯಾಗಿ ಔಷಧಿ ಅಂಗಡಿಯ ಗೋಡೆಯವರೆಗೆ ಹೋದೆವು, "ಇಳಿಸು" ಎಂದೆ, ಹಾಸಿದ್ದ ಗೋಣಿತಟ್ಟಿನ ಮೇಲೆ ಗಾಜನ್ನು ಇಳಿಸಿ ಗೋಡೆಗೆ ಒರಗಿಸಿದೆವು. ಆಮೇಲೆ ತಮ್ಮ ತಾನಾಗಿಯೇ ತಿರುಗಿ ಇನ್ಸ್‌ಪೆಕ್ಟರ ಮುಂದೆ ಎರಡೂ ಕೈ ಚಾಚಿದ. ಪ್ರತಿರೋಧಿಸುವವರು ಹೀಗೆ ಕೈ ಚಾಚುವುದನ್ನು ನೀವು ಎಲ್ಲಾದರೂ ನೋಡಿದ್ದೀರಾ? ಆ ಚಾಚಿದ ಕೈಗಳ ಮೇಲೆಯೇ ಮೊದಲ ಏಟು ಬಿತ್ತು. ಆಮೇಲೆ ಬೆನ್ನು, ತೊಡೆ, ಕುತ್ತಿಗೆ. ನಾನು ಅಡ್ಡ ಹೋದಾಗ ನನ್ನನ್ನು ಇಬ್ಬರು ಪೇದೆಗಳು ಗೋಡೆಗೆ ಒತ್ತಿ ಹಿಡಿದರು. ಇನ್ನು ಯಾರ ಸ್ವಾಗತಕ್ಕೆ ಬೀದಿ ಗುಡಿಸಿ ಜನರನ್ನು ಓಡಿಸಿದ್ದರೋ ಆ ಗಣ್ಯರು ಬೇರೆ ರಸ್ತೆಯಿಂದ ಬಂದು ಬೇರೆ ರಸ್ತೆಯಿಂದ ಹೋದರಂತೆ.

ಅವನನ್ನು ಎಳೆದೊಯ್ದ ಠಾಣೆಗೆ ನಾನೂ ಹೋದೆ. ಅಲ್ಲಿ ದೂರು ಬರೆದುಕೊಳ್ಳುವ ಹಿರಿಯ ಪೇದೆಯೊಬ್ಬರಿದ್ದರು. ಕೆಟ್ಟವರಲ್ಲ, ಕೂರಲು ಬೆಂಚು ತೋರಿಸಿದರು, ನೀರು ಕೊಡಿಸಿದರು. ನಡೆದದ್ದನ್ನೆಲ್ಲ ಹೇಳಿ, ನಿಮ್ಮ ಸಾಹೇಬರು ತಾವಾಗಿಯೇ ಬಿದ್ದರು ಎಂದು ಬರೆಯಿರಿ ಎಂದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನು ಮಗುವನ್ನು ನೋಡುವ ಹಾಗೆ ನೋಡಿದರು.

"ಇಲಾಖೆಯವರು ತಾವಾಗೇ ಬೀಳಲ್ಲ ಕಣಮ್ಮ. ಬಿದ್ರು ಅಂದ್ರೆ ಯಾರೋ ಬೀಳಿಸಿರಬೇಕು. ಇಲ್ದಿದ್ರೆ ನಾನು ಹೆಂಗೆ ಬರೀಲಿ?"

ಅವರು ಹಾಗೆಯೇ ಬರೆದರು. ಬರೆಯುವಾಗ ಹೆಸರಿನ ಮುಂದೆ "ಅಲಿಯಾಸ್ ಕಂಬ" ಎಂದೂ ಸೇರಿಸಿದರು. ಬೀದಿಯವರು ಸಲಿಗೆಯಿಂದ ಇಟ್ಟ ಹೆಸರು ನಿಮ್ಮ ಕಡತ ಸೇರುತ್ತಲೇ ಹಳೇ ರೌಡಿಯ ಬಿರುದಾಗಿ ಕೂತಿತು. ಅದನ್ನು ಓದುವ ನ್ಯಾಯಾಧೀಶರು ಎಂಥವನನ್ನು ಕಲ್ಪಿಸಿಕೊಳ್ಳುತ್ತಾರೋ ಏನೋ. ಕಟಕಟೆಯಲ್ಲಿ ನಿಲ್ಲುವವನು ಮಾತ್ರ ಇಲಿ ಹೊಡೆಯಲೂ ಹೆಂಡತಿಯನ್ನು ಕರೆಯುವ ಮನುಷ್ಯ.

ಬಲಪ್ರಯೋಗ ಎನ್ನುವ ಪದದ ಬಗ್ಗೆ ಸ್ವಲ್ಪ ಮಾತಾಡೋಣ. ನಾನು ಕಾನೂನು ಓದಿದವಳಲ್ಲ. ಆದರೆ ಬಲ ಯಾರ ಕಡೆಯಿಂದ ಯಾರ ಕಡೆಗೆ ಹೋಯಿತು ಎಂದು ನೋಡಲು ಕಾನೂನು ಓದಬೇಕಾಗಿಲ್ಲ, ಕಣ್ಣಿದ್ದರೆ ಸಾಕು. ಎಳೆದವರು ಅವರು, ಜಗ್ಗಿದವರು ಅವರು, ಹೊಡೆದವರು ಅವರು. ನಿಂತವನು ಇವನು. ನಿಂತ ಕಡೆ ನಿಲ್ಲುವುದೇ ಬಲಪ್ರಯೋಗವಾದರೆ ಈ ಊರಿನ ಗೋಡೆಗಳ ಮೇಲೂ ನೀವು ಮೊಕದ್ದಮೆ ಹೂಡಬೇಕು. ಪೊಲೀಸರ ಕೆಲಸ ಕಷ್ಟದ್ದು, ನಾನು ಒಪ್ಪುತ್ತೇನೆ. ಅವರ ಮೇಲೆ ಕೈ ಮಾಡುವವರೂ ಇದ್ದಾರೆ, ಅಂಥವರನ್ನು ಶಿಕ್ಷಿಸಲು ಈ ಕಾನೂನು ಬೇಕು. ಚಾಕು ಹಿಡಿದವನ ಎದುರು ಬರಿಗೈಯಲ್ಲಿ ನಿಂತ ಪೇದೆಯ ಸಲುವಾಗಿ ಇರುವ ಕಾನೂನನ್ನು ರಸ್ತೆಯಲ್ಲಿ ಕುಕ್ಕರಿಸಿದವರ ಮಾನ ಮುಚ್ಚಲು ಬಳಸಿದರೆ ಅವಮಾನ ಯಾರಿಗೆ? ನಾಳೆ ನಿಜವಾಗಿಯೂ ಏಟು ತಿಂದ ಪೇದೆಯೊಬ್ಬರು ಬಂದು ಇದೇ ಕಲಮಿನಡಿ ದೂರು ಕೊಟ್ಟರೆ ಬೀದಿಯವರು ಯಾಕೆ ನಂಬಬೇಕು? ಸಾಹೇಬರು ಆವತ್ತು ಯಾವ ಗಾಜಿನ ಮುಂದೆ ಬಿದ್ದರು ಎಂದು ಕೇಳುವುದಿಲ್ಲವೇ? ಅಧಿಕಾರಿಯ ಸಿಟ್ಟಿಗೆಲ್ಲ ಈ ಒಂದೇ ಕಲಮನ್ನು ಹಚ್ಚುತ್ತ ಹೋದರೆ ಅದು ಸವೆಯುತ್ತದೆ, ಅದು ಸವೆದರೆ ನಷ್ಟ ನಿಮ್ಮವರಿಗೇ.

ಇನ್ನು ಆರೋಪಪಟ್ಟಿಯಲ್ಲಿ ಬರೆಯದ ವಿಷಯಕ್ಕೆ ಬರುತ್ತೇನೆ. ಅದನ್ನು ತಮ್ಮ ನನಗೆ ಹೇಳಲಿಲ್ಲ, ಹೆಂಡತಿಗೆ ಹೇಳಿದ, ಅವಳು ಅಳುತ್ತ ನನಗೆ ಹೇಳಿದಳು. ಆವತ್ತು ಸಂಜೆ ಇನ್ಸ್‌ಪೆಕ್ಟರು ಠಾಣೆಯ ಹಿಂದಿನ ಕೋಣೆಯಲ್ಲಿ ಅವನಿಗೆ ಪಾಠ ಹೇಳಿಕೊಟ್ಟರಂತೆ. ಮರದ ಬೆಂಚೊಂದರ ತುದಿ ಎತ್ತಿ ಹಿಡಿದು ನಿಲ್ಲುವಂತೆ ಹೇಳಿದರು. ಹಿಂದಿನಿಂದ ಒಬ್ಬರು ಬಂದು ಹೆಗಲು ಮುಟ್ಟಬೇಕು. ಮುಟ್ಟಿದ ಕೂಡಲೇ ಅವನು ಬೆಂಚು ಬಿಟ್ಟು ಎರಡೂ ಕೈ ಮೇಲೆತ್ತಬೇಕು. ತಡವಾದರೆ ಬೆತ್ತ. ಮೊದಮೊದಲು ಅವನಿಗೆ ತಡವಾಗುತ್ತಿತ್ತು, ಹುಟ್ಟಿದಾಗಿನಿಂದ ಕಲಿತದ್ದು ಅದಕ್ಕೆ ವಿರುದ್ಧವಾಗಿತ್ತಲ್ಲ. ಬೆಂಚು ಕಾಲ ಮೇಲೆ ಬಿದ್ದು ಹೆಬ್ಬೆರಳಿನ ಉಗುರು ಕಿತ್ತು ಬಂತು. ಕೊನೆಕೊನೆಗೆ ಸರಿಯಾಗಿ ಮಾಡಿದನಂತೆ. ನೋಡಿ, ಈಗ ಕಲಿತ ಎಂದು ಎಲ್ಲರೂ ನಕ್ಕರಂತೆ. ಇದನ್ನು ಕೇಳಿದ ದಿನ ನಾನು ಅಂಗಡಿಯ ಬಾಗಿಲು ಹಾಕಿಕೊಂಡು ಒಳಗೆ ಕೂತು ಅತ್ತೆ. ನಾನು ಅಳುವುದನ್ನು ನನ್ನ ತಮ್ಮನೂ ನೋಡಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಜಾಮೀನಿನ ಮೇಲೆ ಅವನನ್ನು ಬಿಡಿಸಿಕೊಂಡು ಬಂದೆವು. ವಕೀಲರು ಒಳ್ಳೆಯ ಮನುಷ್ಯರು, ಆದರೆ ನಿಮ್ಮ ಇಲಾಖೆಯನ್ನು ಬಹಳ ವರ್ಷಗಳಿಂದ ಬಲ್ಲವರು. ನ್ಯಾಯಾಲಯದಲ್ಲಿ ಒಬ್ಬ ಇನ್ಸ್‌ಪೆಕ್ಟರ ಮಾತಿಗೂ ಒಬ್ಬ ಗಾಜಿನವನ ಮಾತಿಗೂ ತೂಕ ಒಂದೇ ಇರುವುದಿಲ್ಲ, ಗುದ್ದಾಡಿ ಸೋತರೆ ವರ್ಷಗಟ್ಟಲೆ ಜೈಲು, ತಪ್ಪೊಪ್ಪಿಕೊಂಡರೆ ದಂಡ ಕಟ್ಟಿ ಮನೆಗೆ ಬರಬಹುದು ಎಂದರು. ಮನೆಗೆ ಬಂದವನು ಏನಾಗಿ ಬರುತ್ತಾನೆ? ಪೊಲೀಸರ ಮೇಲೆ ಕೈ ಮಾಡಿದವನು ಎಂದು ಮುದ್ರೆ ಬಿದ್ದವನಿಗೆ ಶಾಲೆಯವರು, ಆಸ್ಪತ್ರೆಯವರು ಕಿಟಕಿ ಕೆಲಸ ಕೊಡುತ್ತಾರೆಯೇ? ನಮಗೆ ದಾಟಿಬಿಡಿ ಎಂದ ಮೂಲೆಯ ಪೇದೆಯನ್ನು ಹುಡುಕಿಕೊಂಡು ಹೋದೆ. ಆವತ್ತು ತಾನು ಆ ಮೂಲೆಯಲ್ಲೇ ಇರಲಿಲ್ಲ ಎಂದರು. ಈಗ ನಮ್ಮ ಅಂಗಡಿಯ ಮುಂದೆ ಹಾಯುವ ಬದಲು ಸುತ್ತು ಹಾಕಿಕೊಂಡು ಹೋಗುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೂ ಹೆಂಡತಿ ಮಕ್ಕಳಿದ್ದಾರೆ. ನಿಮ್ಮ ಇಲಾಖೆಯೊಳಗೆ ನಿಜ ಹೇಳಲು ನಮಗಿಂತ ನಿಮ್ಮವರೇ ಹೆಚ್ಚು ಹೆದರುತ್ತಾರೆ ಎನ್ನುವುದು ಮಾತ್ರ ಗೊತ್ತಾಯಿತು.

ಎಲ್ಲ ಬಾಗಿಲೂ ಮುಚ್ಚಿದ ಮೇಲೆ ನಿಮ್ಮ ಬಾಗಿಲಿಗೇ ಬಂದೆ. ನೆನಪಿರಲಾರದು, ದಿನಕ್ಕೆ ಎಷ್ಟೋ ಜನ ಬರುತ್ತಾರೆ. ನಿಮ್ಮ ಕೋಣೆ ತಣ್ಣಗಿತ್ತು, ಮೇಜಿನ ಮೇಲೆ ಹಾಸಿದ ಗಾಜಿನ ಮೂಲೆ ಒಡೆದಿತ್ತು. ನೀವು ಅರ್ಜಿಯನ್ನು ಅರ್ಧ ಓದಿ, ನನ್ನ ಮಾತನ್ನು ಅರ್ಧ ಕೇಳಿ, ತಾಳ್ಮೆಯಿಂದಲೇ ಉತ್ತರಿಸಿದಿರಿ.

"ನೋಡೀಮ್ಮ, ಪೊಲೀಸರು ಮೈ ಮುಟ್ಟಿದ ಕ್ಷಣ ಕೈಲಿದ್ದದ್ದನ್ನ ಬಿಡಬೇಕು. ಸರಿಯೋ ತಪ್ಪೋ ಆಮೇಲೆ ಮಾತಾಡ್ಕೋಬಹುದು."

ಬಿಟ್ಟಿದ್ದರೆ ಆಮೇಲೆ ಮಾತಾಡಲು ನಾನು ಇರುತ್ತಿದ್ದೆನೋ ಇಲ್ಲವೋ ಎಂದು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಗಂಟೆ ಒತ್ತಿದಿರಿ, ಮುಂದಿನವರು ಒಳಗೆ ಬಂದರು. ಆವತ್ತು ಹೇಳಲಾಗದ್ದನ್ನು ಈಗ ಊರೆಲ್ಲ ಓದುವಂತೆ ಹೇಳುತ್ತಿದ್ದೇನೆ.

ಕಳೆದ ವಾರ ಕ್ಷೌರದಂಗಡಿಗೆ ಕನ್ನಡಿ ಕೊಡುವುದಿತ್ತು. ಗೋಡೆಯಗಲದ ಕನ್ನಡಿ. ತಮ್ಮ ಜೈಲಿನಿಂದ ಬಂದ ಮೇಲೆ ಕೆಲಸಕ್ಕೆ ಕೈ ಹಚ್ಚಿದ್ದು ಅದೇ ಮೊದಲು. ನಾನೇ ಒತ್ತಾಯ ಮಾಡಿ ಕರೆತಂದಿದ್ದೆ, ಮನೆಯಲ್ಲಿ ಕೂತು ಕೂತು ಮಂಕಾಗುತ್ತಾನೆ ಎಂದು. ನಾನು ಹಿಂದಕ್ಕೆ ನಡೆಯುತ್ತ ಅಂಗಡಿಯೊಳಗೆ ಕಾಲಿಟ್ಟಿದ್ದೆ. ಅವನು ಇನ್ನೂ ಹೊರಗಿದ್ದ. ಅವನ ಪಾದದ ಮುಂದೆ ಮೆಟ್ಟಿಲಿತ್ತು. ಎಡವುತ್ತಾನೇನೋ ಎಂದು ಕ್ಷೌರಿಕರು ಹಿಂದಿನಿಂದ ಬಂದು, ಮೆಟ್ಟಿಲಿದೆ ನೋಡ್ಕೊಳ್ಳಿ ಎನ್ನುತ್ತ ಪ್ರೀತಿಯಿಂದ ಅವನ ಹೆಗಲ ಮೇಲೆ ಕೈಯಿಟ್ಟರು.

ಅವನು ಬಿಟ್ಟ. ಒಂದು ಕ್ಷಣವೂ ತಡಮಾಡಲಿಲ್ಲ. ಎರಡೂ ಕೈ ಮೇಲೆತ್ತಿ, ಕಣ್ಣು ಮುಚ್ಚಿಕೊಂಡು ನಿಂತುಬಿಟ್ಟ. ನಾನು ಕೂಗಿದ್ದು ಅವನಿಗೆ ಕೇಳಿಸಿಯೇ ಇರಲಿಲ್ಲವಂತೆ.

ಕನ್ನಡಿ ಮುರಿದು ನನ್ನ ಬಲಗೈಯ ಮೇಲೆ ಬಂತು. ಕ್ಷೌರಿಕರು ತಮ್ಮ ಅಂಗಡಿಯ ಟವೆಲುಗಳನ್ನೆಲ್ಲ ಸುತ್ತಿ ಆಸ್ಪತ್ರೆಗೆ ಒಯ್ದರು, ನನಗಿಂತ ಹೆಚ್ಚು ಅವರೇ ಅತ್ತರು. ನರ ಕತ್ತರಿಸಿದೆ, ಗಾಯ ಮಾಯುತ್ತದೆ, ಬೆರಳುಗಳು ಮಾತ್ರ ಇನ್ನು ಮಡಚುವುದಿಲ್ಲ ಎಂದು ವೈದ್ಯರು ಹೇಳಿದರು. ಹಾಸಿಗೆಯ ಪಕ್ಕದಲ್ಲಿ ತಮ್ಮ ನಿಂತಿದ್ದ. ಕಟ್ಟು ಹಾಕಿದ ನನ್ನ ಕೈಯನ್ನೇ ನೋಡುತ್ತಿದ್ದ. ಆಮೇಲೆ ಹೇಳಿದ.

"ಅಕ್ಕ, ಯಾರೋ ಮುಟ್ಟಿದ್ರು."

ಅವನ ಮೇಲೆ ನನಗೆ ಕೋಪ ಬರಲಿಲ್ಲ. ಬದುಕಿನಲ್ಲಿ ಅಷ್ಟು ಹೊತ್ತು ಯಾರ ಮೇಲೂ ಕೋಪ ಬಾರದೆ ಇದ್ದದ್ದು ನನಗೇ ಹೊಸದು. ಆಮೇಲೆ ಬಂತು, ಒಟ್ಟಿಗೇ ಬಂತು, ಅದರ ಪಾಲು ಪೂರ್ತಿಯಾಗಿ ನಿಮ್ಮದು. ಈ ಪತ್ರವನ್ನು ನಾನು ಹೇಳುತ್ತಿದ್ದೇನೆ, ತಮ್ಮನ ಹೆಂಡತಿ ಬರೆದುಕೊಳ್ಳುತ್ತಿದ್ದಾಳೆ. ಅತ್ತಿಗೆ, ಇಷ್ಟು ಖಾರ ಬೇಡ, ಅವರು ದೊಡ್ಡವರು ಎಂದು ನಡುನಡುವೆ ಪೆನ್ನು ನಿಲ್ಲಿಸುತ್ತಾಳೆ. ಅವಳಿಗೆ ಗಂಡ ಜೈಲಿಗೆ ಹೋಗುತ್ತಾನೆಂಬ ಭಯ. ನನಗಿರುವ ಭಯ ಬೇರೆ. ಅವನು ತಪ್ಪೊಪ್ಪಿಕೊಳ್ಳಲು ತೀರ್ಮಾನಿಸಿದ್ದಾನೆ. ಬರೀ ದಂಡದಲ್ಲಿ ಮುಗಿಯುತ್ತದೆ ಎಂದಲ್ಲ, ಜೈಲಿಗೆ ಹೆದರಿಯೂ ಅಲ್ಲ. ಅಕ್ಕನ ಕೈ ಹಾಳುಮಾಡಿದವನಿಗೆ ಶಿಕ್ಷೆ ಆಗಬೇಕು, ಯಾವ ಕೇಸಿನಲ್ಲಾದರೇನು ಎನ್ನುತ್ತಾನೆ. ಮುಂದಿನ ವಿಚಾರಣೆಯ ದಿನ ಕಟಕಟೆ ಹತ್ತಿ, ಹೌದು, ನಾನೇ ಹೊಡೆದೆ ಎಂದುಬಿಡುತ್ತಾನೆ. ನಿಮ್ಮ ಇಲಾಖೆಗೆ ಗೆಲುವಾಗುತ್ತದೆ. ನನ್ನನ್ನು ಕಾಪಾಡಲು ನಿಂತವನು, ನನ್ನನ್ನು ಗಾಯಗೊಳಿಸಿದ್ದಕ್ಕೆ ಪ್ರಾಯಶ್ಚಿತ್ತವೆಂದು, ಮಾಡದ ಹಲ್ಲೆಯ ಹೊರೆ ಹೊತ್ತು ಬಾಳಬೇಕಾಗುತ್ತದೆ. ಇಂಥ ಗೆಲುವಿನಿಂದ ನಿಮಗೆ ನಿದ್ದೆ ಬರುತ್ತದೆಯೇ?

ಆದ್ದರಿಂದ ಕರುಣೆ ಕೇಳುತ್ತಿಲ್ಲ, ಒತ್ತಾಯಿಸುತ್ತಿದ್ದೇನೆ. ಆ ವಿಚಾರಣೆಗೆ ಮುಂಚೆ ಈ ಮೊಕದ್ದಮೆಯನ್ನು ಹಿಂತೆಗೆದುಕೊಳ್ಳಿ. ಠಾಣೆಯ ಹಿಂದಿನ ಕೋಣೆಯಲ್ಲಿ ಬೆಂಚು ಹಿಡಿಸಿ ಪಾಠ ಹೇಳಿದವರ ಮೇಲೆ ಮೊಕದ್ದಮೆ ಹೂಡಿ. ಇದು ಆಗುವುದಿಲ್ಲ, ಇಲಾಖೆಯ ಮರ್ಯಾದೆಯ ಪ್ರಶ್ನೆ ಎನ್ನುವುದಾದರೆ ಕನಿಷ್ಠ ಸರಿಯಾದ ಆರೋಪಿಯನ್ನು ಹಿಡಿಯಿರಿ. ಗಾಜು ಕೈಯಲ್ಲಿರುವಾಗ ಹಿಂದಕ್ಕೆ ನಡೆಯುವವರ ಅಪ್ಪಣೆ ನಡೆಯುತ್ತದೆ ಎಂದು ಮೇಲೆಯೇ ಹೇಳಿದ್ದೇನೆ. ಆವತ್ತು ಹಿಂದಕ್ಕೆ ನಡೆಯುತ್ತಿದ್ದವಳು ನಾನು. ಹಾಗೇ ನಿಲ್ಲು ಎಂದವಳು ನಾನು. ನಿಮ್ಮ ಅಧಿಕಾರಿಯ ಕೂಗಿಗಿಂತ ನನ್ನ ಮಾತು ಅವನಿಗೆ ದೊಡ್ಡದಾಯಿತು, ಅದು ಅಪರಾಧವಾದರೆ ಅದರ ಮೊದಲ ಆರೋಪಿ ನಾನು, ಅವನಲ್ಲ. ಇದನ್ನು ನನ್ನ ತಪ್ಪೊಪ್ಪಿಗೆ ಎಂದೇ ಕಡತಕ್ಕೆ ಸೇರಿಸಿಕೊಳ್ಳಿ.

ಹಗಲೆಲ್ಲ ಅಂಗಡಿಯಲ್ಲೇ ಇರುತ್ತೇನೆ. ಬಂಧಿಸಲು ಒಬ್ಬ ಪೇದೆಯನ್ನು ಕಳಿಸಿದರೂ ಸಾಕು. ನನ್ನ ಬಲಗೈ ಈಗ ಏನನ್ನೂ ಹಿಡಿಯುವುದಿಲ್ಲ, ಪ್ರತಿರೋಧದ ಭಯ ನಿಮಗೆ ಬೇಡ.

ಇಂತಿ,
ನಿಮ್ಮ ಸಾಕ್ಷಿಗಳ ಪಟ್ಟಿಯಲ್ಲೂ ಆರೋಪಿಗಳ ಪಟ್ಟಿಯಲ್ಲೂ ಜಾಗ ಸಿಗದ
ಗಾಜಿನಂಗಡಿಯ ಅಕ್ಕ
(ಹೆಬ್ಬೆಟ್ಟು ಎಡಗೈಯದು, ಬರಹ ಆರೋಪಿಯ ಹೆಂಡತಿಯದು)